ಹೊರಸಿನ ಮ್ಯಾಲಿನ ಇಗ್ವಾನಾ

ಸಂತ್ಯಾಗ ಎಳೀ ನುಗ್ಗಿ ತಪ್ಪಲ ಕಂಡ್ರ ಈಗ್ಲೂ ನನ್ನ ಕೈ ತಾನಾಗೇ ಹೋಗ್ತೈತಿ. ಖಾಸಬಾಗದ ಮನಿತನಾ ಹೊತ್ಕೊಂಡು ಬಂದು, ಚೀಲಾ ಕೆಳಗಿಟ್ಟ ಮ್ಯಾಲೆ ನೆನಪಾಗ್ತೈತಿ, ಅದನ್ನ ತಿನ್ನೂ ಜೀವ ಹೋಗಿ ಎರಡು ವರ್ಷ ಆತು. ಆಮ್ಯಾಲೆ ಅದರ ಪಲ್ಯಾ ಮಾಡ್ತೀನಿ. ನನ್ನ ಗಂಡ ಬಾಯಿ ಬಿಡದ ಉಣ್ತಾನ, ಪಾಪ.

ತಿನ್ನೂ ಜೀವ ಅಂದ್ರ ನಮ್ಮ ಇಗ್ವಾನಾ, ದೊಡ್ಡ ಹಲ್ಲಿ ಜಾತಿದು. ಹಸರ ಮೈ, ಬೆನ್ನಿನ ಮ್ಯಾಲೆ ಗರಗಸದಂಥ ಮುಳ್ಳು, ಗದ್ದದ ಕೆಳಗ ಜೋತಾಡೂ ಚರ್ಮ. ಅದನ್ನ ಸಾಕಿದ್ದು ನನ್ನ ತಮ್ಮ. ವರ್ಗ ಆಗಿ ಹೋಗೂ ಮುಂದ "ಎಂಟು ದಿನ ಇಟ್ಕೋ ಅಕ್ಕಾ" ಅಂತ ಬಿಟ್ಟು ಹೋದಾವ ಇನ್ನೂ ಬರಾಕತ್ತಾನ! ಮೊದಲ ಮೊದಲ ನಾ ಅದನ್ನ ಮುಟ್ಟತಿರಲಿಲ್ಲ. ತಿಂಗಳಾಗೂದ್ರಾಗ, ನಾನು ಹೊಲಿಗಿ ಮಷಿನ್ನಿಗೆ ಕುಂತ್ರ ಅದು ನನ್ನ ಹೆಗಲ ಮ್ಯಾಲೆ ಕೂಡಾಕ ಹತ್ತಿತು. ಬ್ಲೌಸಿನ ಅಳತಿ ಕೊಡಾಕ ಬಂದವ್ರು ಚೀರಿ ಓಡತಿದ್ರು. "ಓಡ್ರಿ ಓಡ್ರಿ, ನಾಳಿ ಬರ್ರಿ" ಅಂತಿದ್ದೆ. ಖರೇ ಹೇಳ್ತೀನಿ, ಗಿರಾಕಿ ಹೋದ್ರೂ ನಂಗ ಬ್ಯಾಸರ ಆಗತಿರಲಿಲ್ಲ.

ಮದುವ್ಯಾಗಿ ಹನ್ನೊಂದು ವರ್ಷ ಆಗಿತ್ತು, ನಮಗ ಮಕ್ಕಳಿರಲಿಲ್ಲ. ಖಾನಾಪುರದಾಗ ನಮ್ಮವ್ವ ಓಣ್ಯಾಗಿನ ಎಲ್ಲಾ ಬಾಣಂತ್ಯಾರಿಗೂ ನೀರು ಹಾಕಾಕಿ. ಕೂಸಿಗೆ ಎರಿಯೂದು, ಶೇಗಡಿಯೊಳಗ ಕೆಂಡಾ ಮಾಡಿ, ಮ್ಯಾಲೆ ಹಗ್ಗದ ಹೊರಸು ಹಾಕಿ ತಾಯಿ ಕೂಸು ಇಬ್ಬರಿಗೂ ಮೈ ಕಾಸೂದು, ಓಂಕಾಳಿನ ಹೊಗಿ ಹಾಕೂದು, ಎಲ್ಲಾ ಆಕಿನ. ಊರಿಗೆಲ್ಲಾ ಮಾಡಿದಾಕಿಗೆ ಸ್ವಂತ ಮಗಳ ಬಾಣಂತನ ಮಾಡಲಿಲ್ಲ ಅನ್ನೂ ಕೊರಗು. ಹೋದಾಗೊಮ್ಮೆ ಆ ದೇವರು, ಈ ಡಾಕ್ಟರು. ಒಂದು ದೀಪಾವಳ್ಯಾಗ ನನ್ನ ಸಿಟ್ಟು ನೆತ್ತಿಗೇರಿ, "ಇನ್ನೊಮ್ಮೆ ಕೇಳಿದ್ರ ನಿನ್ನ ಹೊಸ್ತಿಲಾ ತುಳ್ಯಾಂಗಿಲ್ಲ" ಅಂದು ಬಂದೆ. ಎಂಟು ತಿಂಗಳು ತುಳೀಲೂ ಇಲ್ಲ. ಅವ್ವನೂ ಫೋನ್ ಮಾಡಲಿಲ್ಲ. ಹಟದಾಗ ಇಬ್ಬರೂ ಒಂದ ನಮೂನಿ.

ಆ ಮಳಿಗಾಲದಾಗ ಗಿಡ ಬಿದ್ದು ನಮ್ಮ ಓಣ್ಯಾಗ ಎರಡು ದಿನ ಕರೆಂಟ್ ಹೋತು. ಇಗ್ವಾನಾಕ್ಕ ಮೈಯಾಗ ಸ್ವಂತ ಕಾವು ಇರೂದಿಲ್ಲ. ಅದರ ಗಾಜಿನ ಪೆಟಗ್ಯಾಗ ಹಗಲೆಲ್ಲಾ ಬಲ್ಬ್ ಉರೀಬೇಕು. ಎರಡನೇ ದಿನ ಮುಂಜಾನಿ ನೋಡ್ತೀನಿ, ಹಸರ ಮೈ ಕರ್ರಗಾಗಿ, ಕಣ್ಣು ಮುಚ್ಚಿ, ಬಾಲ ಸೆಟದು ಬಿದ್ದಿತ್ತು. ಬಿಸಿನೀರಿನ ಬಾಟಲಿ ಬಾಜೂಕ ಇಟ್ಟೆ, ಅದು ಆರೂದ್ರಾಗ ಇನ್ನೊಂದು ಇಟ್ಟೆ. ದನದ ಡಾಕ್ಟರಿಗೆ ಫೋನ್ ಹಚ್ಚಿದ್ರ, "ನಂಗ ಆಕಳಾ ಎಮ್ಮಿ ಗೊತ್ತರೀ. ಹದವಾಗಿ ಕಾವು ಕೊಡ್ರಿ, ಬಿಡಬ್ಯಾಡ್ರಿ" ಅಂದ್ರು. ಹದವಾಗಿ ಕಾವು ಕೊಡೂದು ನಂಗೇನು ಗೊತ್ತು? ಗೊತ್ತಿದ್ದಾಕಿ ಒಬ್ಬಾಕಿನ. ಅದನ್ನ ಶಾಲಿನ್ಯಾಗ ಸುತ್ತಿ, ಎದಿಗೆ ಅವಚ್ಕೊಂಡು ಖಾನಾಪುರದ ಬಸ್ ಹತ್ತಿದೆ.

ಅವ್ವ ಬಾಗಿಲಾ ತಗದು ನನ್ನ ಮಾರಿ ನೋಡಿದ್ಲು, ಆಮ್ಯಾಲೆ ಎದಿ ಮ್ಯಾಲಿನ ಶಾಲು. ಒಂದು ಗಳಿಗಿ ಆಕಿ ಮಾರಿ ಹ್ಯಾಂಗ ಅರಳಿತು ಅಂದ್ರ, ನಾ ಸಾಯೂತನಾ ಮರಿಯಾಂಗಿಲ್ಲ. ಅಲ್ಲೇ ನಿಂತು ಶಾಲು ಸರಿಸಿ ತೋರಿಸಿದೆ.

"ಅಯ್ಯ ಶಿವನ! ಉಡ ತಂದಿಯಲ್ಲಬೇ!"

"ಉಡ ಅಲ್ಲ ಯವ್ವಾ, ಇದು ತಪ್ಪಲಾ ತಿಂದು ಬದಕೂದು. ಸಾಯಾಕತ್ತೈತಿ" ಅಂದೆ. ಅನ್ನೂದ್ರಾಗ ಅಳು ಬಂದುಬಿಟ್ತು.

ಅವ್ವ ಕೈ ಹಿಡದು ಒಳಗ ಕರಕೊಂಡ್ಲು. ಅಟ್ಟದ ಮ್ಯಾಲಿಂದ ಹೊರಸು ಇಳಿಸಿದ್ಲು, ಶೇಗಡಿ ಹೊತ್ತಿಸಿದ್ಲು. ಕಾವು ಎಷ್ಟೈತಿ ಅಂತ ಹಿಂಗೈ ಹಿಡದು ನೋಡಿ, ಮೆತ್ತಗ ಹಳೀ ಸೀರಿ ಹಾಸಿ ಇಗ್ವಾನಾ ಮಲಗಿಸಿದ್ಲು. ಅಲ್ಲಿತನಾ ಚಂದಿತ್ತು. ಮಧ್ಯಾಹ್ನದ ಹೊತ್ತಿಗೆ ಓಂಕಾಳಿನ ಡಬ್ಬಿ ತಂದ್ಲು.

"ಹೊಗಿ ಹಾಕಬ್ಯಾಡ! ಅದರ ಎದಿಗೆ ಆಗೂದಿಲ್ಲ!" ಅಂತ ಚೀರಿದೆ.

"ಹಸಗೂಸಿಗೆ ಆಗೂದು ಇದಕ್ಕೇನು ಧಾಡಿ?" ಅಂದಾಕಿನ ಒಂದು ಚಿಟಿಗಿ ಓಂಕಾಳು ಕೆಂಡದ ಮ್ಯಾಲೆ ಒಗದ್ಲು.

ಇಗ್ವಾನಾ ಫಟ್ ಅಂತ ಸೀನಿತು. ಸೀನಿ, ಒಂದು ಕಣ್ಣು ತಗೀತು. ಶೇಗಡಿ ಎತ್ತಿ ಹೊರಗಿಟ್ಟು ಹೊಗಿ ಹೋಗೂತನಾ ನಾ ಅವ್ವನ್ನ ಬೈದೆ, ಬೈಕೋತನ ನಕ್ಕೆ. ಅದು ಎದ್ದಿದ್ದು ಕಾವಿಗೆ ಅಂತ ನಂದು, ಓಂಕಾಳಿಗೆ ಅಂತ ಆಕಿದು. ಇವತ್ತಿಗೂ ಆ ಜಗಳ ಮುಗದಿಲ್ಲ.

ಐದು ದಿನ ಇದ್ದೆ. ಮೂರನೇ ದಿನ ಅದು ಹಿತ್ತಲದಾಗಿನ ದಾಸಾಳದ ಹೂವು ತಿಂತು. ಅವ್ವ ಅಷ್ಟೂ ದಿನ ಮಕ್ಕಳ ಸುದ್ದಿ ತಗೀಲಿಲ್ಲ.

ಹೊಂಡೂ ದಿನ ಅಡಿಗಿ ಮನಿ ತುಂಬ ತುಪ್ಪದ ವಾಸನಿ. ಒಣಕೊಬ್ಬರಿ, ಉತ್ತತ್ತಿ, ತುಪ್ಪದಾಗ ಹುರಿದ ಅಂಟು ಎಲ್ಲಾ ಕೂಡಿಸಿ ಅವ್ವ ಉಂಡಿ ಕಟ್ಟಾಕತ್ತಿದ್ಲು. ಬಾಣಂತ್ಯಾರಿಗೆ ಕೊಡೂ ಅಂಟಿನ ಉಂಡಿ.

"ಯಾರು ಹಡದಾರಬೇ?" ಅಂದೆ.

ಅವ್ವ ತಲಿ ಎತ್ತಲಿಲ್ಲ. "ನಿನಗ ಇವು. ಐದು ದಿನ ಹೊರಸಿನ ಬಾಜೂಕ ಕುಂತಿದ್ದಿ, ನಡಾ ಹಿಡದಿರತೈತಿ." ಡಬ್ಬಿ ಮುಚ್ಚಿ ನನ್ನ ಕೈಯಾಗಿಟ್ಲು. "ನಂದೊಂದು ಆಶಾ ಇತ್ತು, ಮಾಡಿದೆ. ಇನ್ನ ನಿನ್ನ ಏನೂ ಕೇಳಾಂಗಿಲ್ಲ, ಆರಾಮ ಬಂದು ಹೋಗು."

ಈ ಒಂದು ಮಾತಿಗೆ ನಾ ಎಷ್ಟು ವರ್ಷ ಜಗಳಾಡಿದ್ದೆ! ಈಗ ಅದು ಕಿವಿಗೆ ಬಿದ್ದ ಮ್ಯಾಲೆ, ಕೇಳಬೇ ಯವ್ವಾ, ಇನ್ನೊಮ್ಮೆ ಕೇಳು, ಅನ್ನಬೇಕನಿಸಿತು.