ಒಂದೇ ಡಬ್ಬಿಯ ಚಿತ್ರಾನ್ನ

ಅರಸೀಕೆರೆಯ ನಮ್ಮ ಮನೆಯಲ್ಲಿ ಮೊನ್ನೆ ಟೀವಿಯಲ್ಲಿ ಗೂಢಚಾರರ ಸಿನಿಮಾ ನೋಡುತ್ತಿದ್ದೆವು. ಗಂಡ ಹೆಂಡತಿ ಇಬ್ಬರೂ ಗೂಢಚಾರರೇ. ಉಗ್ರರ ಅಡಗುದಾಣದ ಎದುರು ಕಾರಿನಲ್ಲಿ ಕಾಯುತ್ತ, ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದರು. ನಮ್ಮಲ್ಲಿ ಗಂಡಸರ ಊಟ ಮುಗಿದ ಮೇಲೇ ಹೆಂಗಸರದು. ಹಳೇಬೀಡಿನಿಂದ ಮದುವೆಯಾಗಿ ಬಂದಂದಿನಿಂದ ನಾನು ಅಡುಗೆಮನೆಯ ಗೋಡೆ ನೋಡಿಕೊಂಡು, ಆರಿದ ಅನ್ನವನ್ನು ಒಬ್ಬಳೇ ಉಂಡಿದ್ದೇನೆ.

“ರೀ, ಇವತ್ತು ಜೊತೆಗೇ ಕೂತು ಊಟ ಮಾಡೋಣ್ವಾ?” ಎಂದೆ.

“ಸಿನಿಮಾ ಕಣೇ ಅದು. ಎದ್ದು ಬಡಿಸು,” ಎಂದರು ನಮ್ಮ ಯಜಮಾನರು.

ಬಡಿಸಿದೆ. ಅವರು ಉಣ್ಣುತ್ತಿರುವಾಗಲೇ ಉಗ್ರರ ಬಾಂಬು ಸಿಡಿದು, ಆ ಗಂಡ ಹೆಂಡತಿ ಕಾರಿನಲ್ಲೇ ಒಟ್ಟಿಗೆ ಸತ್ತರು.

“ಪಾಪ,” ಎಂದರು ಇವರು, ಮಜ್ಜಿಗೆಗೆ ಕೈ ಚಾಚುತ್ತ.

ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.