ಮಗುವಿಗೆ ಚಳಿ, ನನಗೆ ಹೊಟ್ಟೆಯುರಿ

ಎರಡನೆಯವನಿಗೆ ಬೆಚ್ಚನೆಯ ಬಟ್ಟೆ ಹುಡುಕೋಣವೆಂದು ಮಂಚದ ಕೆಳಗಿನ ಪೆಟ್ಟಿಗೆ ತೆಗೆದೆ. ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಉಣ್ಣೆ ಬಟ್ಟೆಗಳ ಅಡಿಯಲ್ಲಿ ಮಗಳ ಹಳೆಯ ಮಲಗುವ ಚೀಲವಿತ್ತು. ತೋಳಿಲ್ಲದ, ಕುತ್ತಿಗೆಗೆ ಸರಿಯಾಗಿ ಕೂರುವ ಹತ್ತಿಯ ಚೀಲ. ಹೊಲಿದುಕೊಟ್ಟವರು ಎದುರು ಮನೆಯ ಆಂಟಿ. ಇಷ್ಟು ವರ್ಷವಾದರೂ ಒಳಗೆ ಏನೋ ಚುರುಕ್ ಎಂದಿತು...

ಮಗಳು ಹುಟ್ಟಿದಾಗ ನಾವು ದೆಹಲಿಯ ದ್ವಾರಕಾಕ್ಕೆ ಹೊಸಬರು. ಗಂಡ ಬೆಳಿಗ್ಗೆ ಮಾನೇಸರಿಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಬಾಣಂತನ ಮುಗಿಸಿ ಊರಿಗೆ ಹೊರಟ ಅಮ್ಮ, "ದೆಹಲಿ ಚಳಿ ಕಣೇ, ಕುಲಾವಿ ಮಾತ್ರ ಬಿಚ್ಚಬೇಡ" ಎಂದಿದ್ದರು. ನಾನು ಬಿಚ್ಚುತ್ತೇನೆಯೇ? ಕುಲಾವಿ ಕಟ್ಟಿ, ಸ್ವೆಟರಿನ ಮೇಲೆ ಸ್ವೆಟರ್ ಹಾಕಿ, ಎರಡು ಕಂಬಳಿ ಹೊದಿಸಿ, ಪಕ್ಕದಲ್ಲಿ ಹೀಟರ್ ಬೇರೆ ಇಡುತ್ತಿದ್ದೆ. ಆದರೂ ಮಗುವಿನ ಅಂಗೈ ತಣ್ಣಗೆ. ಇನ್ನೊಂದು ಹೊದಿಕೆ ಏರಿಸುತ್ತಿದ್ದೆ. ಕೂಸು ಕಿರುಚುತ್ತಲೇ ಇತ್ತು.

ಒಂದು ಮಧ್ಯಾಹ್ನ ಅಳು ಕೇಳಿ ಆಂಟಿ ಬಂದರು. ದೊಡ್ಡ ದನಿಯ ಪಂಜಾಬಿ ಹೆಂಗಸು. ಮಗುವಿನ ಕತ್ತಿನ ಹಿಂದೆ ಬೆರಳಿಟ್ಟು ನೋಡಿದರು. ಬರೀ ಬೆವರು!

"ಅರೇ, ಟೋಪಿ ಉತಾರೋ! ಹಾಥ್ ಠಂಡೇ ಹೈಂ ತೋ ಕ್ಯಾ ಹುವಾ, ಗರ್ದನ್ ದೇಖೋ!"

ನಮ್ಮ ಕುಲಾವಿ ಅವರಿಗೆ ಟೋಪಿ; ಕೈ ತಣ್ಣಗಿದ್ದರೇನು, ಕತ್ತು ನೋಡಬೇಕಂತೆ. ನಾನು ಬಾಯಿ ಬಿಡುವಷ್ಟರಲ್ಲಿ ಅದು ಹೋಯಿತು, ಕಂಬಳಿಗಳು ಹೋದವು, ಹೀಟರ್ ದೂರ ಸರಿಯಿತು. ಒಂದೇ ಸ್ವೆಟರ್ ಉಳಿಸಿ, ಖಾಲಿ ತೊಟ್ಟಿಲಲ್ಲಿ ಅಂಗಾತ ಮಲಗಿಸಿದರು. ತಟ್ಟಿದ್ದೂ ಇಲ್ಲ, ಹಾಡಿದ್ದೂ ಇಲ್ಲ. ಮಗಳು ನಿದ್ದೆ ಹೋದಳು. ಮರುದಿನ, ಕಂಬಳಿಯ ಬದಲಿಗೆ ಇರಲಿ ಎಂದು ಈ ಚೀಲ ಹೊಲಿದು ತಂದರು.

ಕೈ ಮುಗಿಯಬೇಕಿತ್ತು. ನನಗೆ ಹೊಟ್ಟೆ ಧಗಧಗ ಉರಿಯಿತು. ಹೆತ್ತವಳು ನಾನು, ನಿದ್ದೆ ಅವರ ಕೈಯಲ್ಲಿ! ಗಂಡನಿಗೆ ಫೋನ್ ಮಾಡಿ, "ಮಗೂದು ಟೋಪಿ ತೆಗೆಸಿ ನನಗೇ ಟೋಪಿ ಹಾಕಿದ್ರು ರೀ!" ಎಂದೆ. ಅವರು ನಕ್ಕರು. ನಗುವುದಕ್ಕೇನು, ಉರಿಯುತ್ತಿದ್ದದ್ದು ನನಗೆ.

ಅಲ್ಲಿಂದಾಚೆ ಮಗಳಿಗೆ ಅವರೇ ಬೇಕು. ನನ್ನ ಜೋಗುಳಕ್ಕೆ ಮೂತಿ ತಿರುವುವವಳು, ಆಂಟಿ ಕಂಡರೆ ಎರಡೂ ಕೈ ಚಾಚುತ್ತಿದ್ದಳು. ಮೊದಲ ಮಾತೂ 'ಅಮ್ಮ' ಅಲ್ಲ, 'ದಾದಿ', ಅವರ ಭಾಷೆಯ ಅಜ್ಜಿ! ಒಳಗೆ ಹೋಗಿ ಪಾತ್ರೆ ಕುಕ್ಕಿದೆ. "ಚಲೋ, ಅಬ್ ಮಾಂ ಕೇ ಪಾಸ್ ಜಾವೋ" ಎಂದು ಆಂಟಿ ಮಗುವನ್ನು ನನ್ನ ಕೈಗೆ ಕೊಟ್ಟರೆ ಇವಳು ರಂಪ ಮಾಡುತ್ತಿದ್ದಳು. ದೇವರೇ, ಒಂದು ಮಗುವಾದರೂ ನನ್ನನ್ನೇ ಬಯಸಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಆಂಟಿ ಕಳೆದ ಬೇಸಿಗೆಯಲ್ಲಿ ತೀರಿಕೊಂಡರು. ನನ್ನ ಮಗನನ್ನು ನೋಡಲೇ ಇಲ್ಲ. ಚೀಲವನ್ನು ಒಗೆದು, ಬಿಸಿಲಿಗೆ ಒಣಗಿಸಿ ಅವನಿಗೆ ತೊಡಿಸಿದೆ. ನನ್ನ ಮುಖ ನೋಡುತ್ತ ನೋಡುತ್ತಲೇ ನಿದ್ದೆ ಹೋದ. ಇವನಿಗೆ ನಾನೇ ಬೇಕು, ಬೇರೆ ಯಾರೂ ಬೇಡ. ನಾನು ಬೇಡಿಕೊಂಡದ್ದು ಇದನ್ನೇ ತಾನೆ? ಹಾಳಾದ್ದು, ಆಂಟಿ ಇದ್ದು ಇವನನ್ನೂ ನನ್ನಿಂದ ಕಿತ್ತುಕೊಳ್ಳಬಾರದಿತ್ತೇ...