ಹಿಂಬಾಗಿಲಿಲ್ಲದ ಮನೆಯಿಂದ ಮೈಸೂರಿಗೆ

ಬಿಡದಿಯ ಮನೆಗೆ ಬಂದ ಮೊದಲ ದಿನ ನಾನು ಹುಡುಕಿದ್ದು ಹಿತ್ತಿಲ ಬಾಗಿಲನ್ನು. ಅಡುಗೆಮನೆಯ ಗೋಡೆಯನ್ನು ಸವರಿ ನೋಡಿದೆ. ಕಪಾಟಿನ ಹಿಂದೆ ಇರಬಹುದೆಂದು ಅದನ್ನೂ ಸ್ವಲ್ಪ ಜರುಗಿಸಿದೆ. ಗೋಡೆಯ ಆಚೆ ಯಾರೋ ಹಿಂದಿಯಲ್ಲಿ ಮಾತನಾಡುತ್ತಿದ್ದರು. ಅದು ಬೇರೆಯವರ ಮನೆ. "ಇರೋದೊಂದೇ ಬಾಗ್ಲು ಕಣವ್ವ" ಎಂದು ನಿಮ್ಮ ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಒಂದೇ ಬಾಗಿಲಿನ ಮನೆಯಲ್ಲಿ ನನ್ನಂಥವಳು ಹೇಗಿರುವುದು ಎಂದು ಯೋಚಿಸುತ್ತಾ ನಿಂತೆ.

ಮಕ್ಕಳೇ, ನನ್ನಂಥವಳು ಅಂದರೇನು ಎಂದು ನಿಮಗೆ ತಿಳಿಯಲಿಕ್ಕಿಲ್ಲ, ಹೇಳುತ್ತೇನೆ. ಕೋಡಿಹಳ್ಳಿಯ ಕಡೆಯ ನಮ್ಮೂರಿನಲ್ಲಿ, ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟಾಗ ಗಂಡ ಸತ್ತವಳು ಎದುರಿಗೆ ಬರಬಾರದು. ನಿಮ್ಮ ತಾತ ತೀರಿಕೊಂಡ ಮೇಲೆ ನನಗೂ ಅದೇ ಆಯಿತು. ಯಾರೂ ಬೈದು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗಾಡಿ ಕಟ್ಟುವ ಸದ್ದು ಕೇಳಿದರೆ ನಾನೇ ಹಿತ್ತಿಲ ಬಾಗಿಲಿನಿಂದ ಹೊರಟು, ಹೊಲದ ಬದುವಿನ ಮೇಲೆ ನಡೆದು, ಊರಾಚೆಯ ಹೊಂಗೆಮರದ ಕೆಳಗೆ ಗಂಟು ಹಿಡಿದು ನಿಲ್ಲುತ್ತಿದ್ದೆ. ಗಾಡಿ ಅಲ್ಲಿಗೆ ಬಂದು ನಿಲ್ಲುತ್ತಿತ್ತು. "ಅತ್ತಕ್ಕ" ಎಂದು ಮೈದುನ ಕೈ ನೀಡಿ ಹತ್ತಿಸಿಕೊಳ್ಳುತ್ತಿದ್ದ. ಮುಂದೆ ಟೆಂಪೊ ಬಂದಾಗಲೂ ಹಾಗೆಯೇ. ಹೊಂಗೆಮರದ ಹತ್ತಿರ ನಿಲ್ಲಿಸಬೇಕೆಂದು ಡ್ರೈವರ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೀವಿಬ್ಬರೂ ಆಗ ಇನ್ನೂ ಹುಟ್ಟಿರಲಿಲ್ಲ. ನಿಮ್ಮ ಅಪ್ಪನಿಗೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ, ಅಮ್ಮನಿಗೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ. ಇಬ್ಬರಿಗೂ ಶಿಫ್ಟು. ಒಬ್ಬರು ಬಂದಾಗ ಇನ್ನೊಬ್ಬರು ಇರುತ್ತಿರಲಿಲ್ಲ. "ಮನೇಲಿ ಒಂದು ಜೀವ ಇರ್ಲಿ ಬಾವ್ವ" ಎಂದು ನಿಮ್ಮ ಅಮ್ಮ ಕರೆದಳು, ಬಂದೆ. ಮನೆಯೊಡತಿ ಗೌರಮ್ಮನವರ ಜಮೀನು ಕಾರ್ಖಾನೆಗೆ ಹೋಗಿತ್ತು. ಉಳಿದ ತುಂಡು ಜಾಗದಲ್ಲಿ ಎದುರುಬದುರಾಗಿ ಹತ್ತು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ನಡುವೆ ಅಂಗಳ. ಎಲ್ಲ ಬಾಗಿಲುಗಳೂ ಅಂಗಳಕ್ಕೇ ತೆರೆಯುತ್ತಿದ್ದವು. ಯಾರು ಹೊರಟರೂ ನಾನು ಎದುರಿಗೇ. ಹಾಗಾಗಿ ಬೆಳಿಗ್ಗೆ ಶಿಫ್ಟಿನವರೆಲ್ಲ ಹೋಗುವವರೆಗೆ ಕದ ಮುಂದೆ ಮಾಡಿಕೊಂಡು ಕೂರುತ್ತಿದ್ದೆ. ಊರಿನಲ್ಲಿ ಕೋಳಿ ಕೂಗುವುದರಿಂದ ಹೊತ್ತು ತಿಳಿಯುತ್ತಿತ್ತು; ಇಲ್ಲಿ ಸೈರನ್ನಿನಿಂದ. ಸೈರನ್ ಆದ ಮೇಲೆ ಅಂಗಳ ಖಾಲಿ. ಆಗ ಹೊರಗೆ ಬಂದು ಬಟ್ಟೆ ಹರವುತ್ತಿದ್ದೆ. ಹೀಗೆ ಎಂಟು ತಿಂಗಳು. ನಿಮ್ಮ ಅಮ್ಮನನ್ನು ಬಿಟ್ಟರೆ ನಾನು ದಿನಕ್ಕೆ ಹತ್ತು ಮಾತಾಡಿದ್ದರೆ ಹೆಚ್ಚು.

ಒಂದು ದಿನ ಗೌರಮ್ಮ ಬಾಗಿಲು ತಳ್ಳಿಕೊಂಡೇ ಬಂದರು.

"ಏನ್ ತಾಯಮ್ಮಾ, ಕಾವಿಗೆ ಕೂತ ಕೋಳಿ ಥರ ಒಳ್ಗೇ ಕೂತಿರ್ತೀರಲ್ಲ. ಭಾನ್ವಾರ ವ್ಯಾನ್ ಮಾಡ್ಕೊಂಡು ಮೈಸೂರಿಗೆ ಓಯ್ತಾ ಇದ್ದೀವಿ, ಬತ್ತೀರಾ?"

ನಾನು ಬಾಯಿ ಬಿಡುವ ಮೊದಲೇ ನಿಮ್ಮ ಅಮ್ಮ, "ಬತ್ತಾಳೆ ಕಣಕ್ಕ, ಒಂದು ಸೀಟು ಇಟ್ಟಿರಿ" ಎಂದಳು. ಅವರಿಬ್ಬರಿಗೂ ಭಾನುವಾರ ಓವರ್‌ಟೈಮು. "ನೀನಿಲ್ದೆ ನಾನೆಂಗೆ ಓಗ್ಲಿ" ಎಂದೆ. "ಎಷ್ಟು ದಿನ ಅಂತ ಗೋಡೆ ನೋಡ್ಕೊಂಡು ಕೂತಿರ್ತೀಯ? ಈ ಸಲ ಓಗ್ದೆ ಇದ್ರೆ ಇನ್ಯಾರೂ ಕರೆಯಾಕಿಲ್ಲ" ಎಂದಳು. ಆ ಮಾತು ನಿಜವೆನಿಸಿತು. ಕರೆಯುವವರು ಇದ್ದಾಗಲೇ ಹೋಗಬೇಕು.

ಆ ವಾರವಿಡೀ ಅಂಗಳದಲ್ಲಿ ಪ್ರಯಾಣದ್ದೇ ಮಾತು. ಎದುರುಮನೆಯ ಮುಬೀನಾ ಪರಿಚಯವಾದದ್ದು ಆಗಲೇ. ಚನ್ನಪಟ್ಟಣದವಳು, ಅಪ್ಪ ಮರದ ಗೊಂಬೆಗೆ ಅರಗಿನ ಬಣ್ಣ ಹಚ್ಚುವವರು, ಇವಳು ಇಲ್ಲಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುವವಳು. ಸಾಮಾನು ಜೋಡಿಸುವುದರಲ್ಲಿ ಅವಳ ಕೈ ನೋಡಬೇಕಿತ್ತು. ಚೀಲದ ಅಡಿಗೆ ಟವೆಲ್ಲು, ಅದರ ಮೇಲೆ ನೀರಿನ ಬಾಟಲಿ, ಬದಿಯಲ್ಲಿ ವಾಂತಿ ಮಾಡುವವರಿಗೆ ಕವರು, ಜೊತೆಗೆ ನಿಂಬೆಹಣ್ಣು. ನಾವು ಊರಿನಿಂದ ಹೊರಟರೆ ಪಾತ್ರೆ, ಹಿಟ್ಟು, ಸೌದೆ, ಎತ್ತಿಗೆ ಹುಲ್ಲು ಎಲ್ಲವನ್ನೂ ಹೇರಬೇಕಿತ್ತು. ಒಲೆಗೆ ಮೂರು ಕಲ್ಲು ಮಾತ್ರ ದಾರಿಯಲ್ಲಿ ಸಿಗುತ್ತಿತ್ತು. ಇವರ ಸಾಮಾನು ಒಂದು ಚೀಲದಲ್ಲಿ ಮುಗಿಯಿತು. ಗೋಡೆಯಾಚೆಯ ಬಿಹಾರದ ಹೆಣ್ಣುಮಗಳು ಒಂದು ಹಿಟ್ಟು ತಂದು ತೋರಿಸಿ "ಸತ್ತು" ಎಂದಳು. ನಾನು ಗಾಬರಿಯಾದೆ. ಬಾಯಿಗೆ ಒಂದು ಚಿಟಿಕೆ ಹಾಕಿದಳು. ಹುರಿಗಡಲೆಯ ಪುಡಿ; ನಮ್ಮ ರಾಗಿ ಹುರಿಹಿಟ್ಟಿನ ತಂಗಿ. ಮುಬೀನಾ ಹಿಂದಿಯಲ್ಲಿ ಕೇಳಿ ಹೇಳಿದಳು: ಅವರ ಊರಿನವರು ದೂರ ಹೊರಟಾಗ ಅದನ್ನೇ ನೀರಿಗೆ ಕಲಸಿ ಕುಡಿಯುತ್ತಾರಂತೆ. ಬಿಹಾರದವಳಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಹಿಂದಿ ಬರುತ್ತಿರಲಿಲ್ಲ. ಹಿಟ್ಟಿನ ಡಬ್ಬದ ಮುಂದೆ ಇಬ್ಬರೂ ಸ್ವಲ್ಪ ಹೊತ್ತು ಕೂತಿದ್ದೆವು.

ಉಳಿದವರು ಹೋಟೆಲಿನಲ್ಲಿ ಊಟ ಮಾಡುವುದೆಂದು ಮಾತಾಡಿಕೊಂಡಿದ್ದು ನನಗೆ ತಿಳಿಯಲಿಲ್ಲ. ನಮ್ಮಲ್ಲಿ ಜೊತೆಗೆ ಹೋಗುವವಳು ತನ್ನೊಬ್ಬಳ ಬುತ್ತಿ ಕಟ್ಟುವುದಿಲ್ಲ, ಗಾಡಿಯವರಿಗೆಲ್ಲ ಕಟ್ಟುತ್ತಾಳೆ. ಶನಿವಾರ ಸಂಜೆ ಹುಳಿಯ ಗೊಜ್ಜು ಕುದಿಸಿ, ಭಾನುವಾರ ಬೆಳಗಿನ ಜಾವ ಅನ್ನ ಮಾಡಿ, ಆರಿಸಿ, ಕಲಸಿದೆ. ಹುಚ್ಚೆಳ್ಳಿನ ಪುಡಿ ಬೇರೆ ಕಟ್ಟಿದೆ. ಊರಿನಿಂದ ತಂದಿದ್ದ ಮುತ್ತುಗದ ಎಲೆ ಹಾಸಿ, ಅನ್ನವಿಟ್ಟು, ನಿಮ್ಮ ತಾತನ ಪಂಚೆಯಲ್ಲಿ ಗಂಟು ಹಾಕಿದೆ. ವ್ಯಾನಿನಲ್ಲಿ ಹೊರಟಿದ್ದ ಹದಿನೆಂಟು ಜನಕ್ಕೂ ಸಾಕಾಗುವಷ್ಟಿತ್ತು.

ಆರು ಗಂಟೆಗೆ ವ್ಯಾನು ಅಂಗಳಕ್ಕೆ ಬರುತ್ತದೆ, ಪೂಜೆ ಮಾಡಿ ಹೊರಡುತ್ತಾರೆ ಎಂದು ಗೊತ್ತಿತ್ತು. ವ್ಯಾನು ನಿಲ್ಲುವುದು ನನ್ನ ಬಾಗಿಲಿನ ಎದುರಿಗೇ. ಹಿಂಬಾಗಿಲಿಲ್ಲ. ಅದಕ್ಕೇ ಐದೂಕಾಲಿಗೆ, ನಿಮ್ಮ ಅಪ್ಪ ಅಮ್ಮ ಓವರ್‌ಟೈಮಿಗೆ ಹೋದ ಮೇಲೆ, ಉಳಿದವರು ಏಳುವ ಮುಂಚೆ, ಬೀಗ ಹಾಕಿಕೊಂಡು ಗಂಟು ಹೊತ್ತು ಹೊರಟೆ. ಹೆದ್ದಾರಿ ಸೇರುವ ತಿರುವಿನಲ್ಲಿ ನಿಂತೆ. ಬರುತ್ತಾರೆ, ನಿಲ್ಲಿಸುತ್ತಾರೆ ಎಂದುಕೊಂಡೆ. ಯಾರಿಗೂ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಆರೂವರೆಯಾಯಿತು. ಕಾರ್ಖಾನೆಯ ಬಸ್ಸುಗಳು ಹೋದವು, ಹಾಲಿನ ವ್ಯಾನು ಹೋಯಿತು. ಪ್ರತಿ ಬಿಳಿ ಗಾಡಿಗೂ ಒಂದು ಹೆಜ್ಜೆ ಮುಂದಿಟ್ಟು ಹಿಂದೆ ಬರುತ್ತಿದ್ದೆ. ಏಳಾಯಿತು. ನಮ್ಮೂರಿನಿಂದ ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ. ಇಲ್ಲಿ ಕಾರ್ಖಾನೆಗಳ ಕಾಂಪೌಂಡಿನ ನಡುವೆ ಎಷ್ಟು ದಾರಿಗಳಿವೆಯೆಂದು ನನಗೆ ತಿಳಿದಿರಲಿಲ್ಲ. ಡೀಸೆಲ್ ಹಾಕಿಸಲು ಅವರು ಇನ್ನೊಂದು ದಾರಿಯಿಂದ ಹೋಗಿಯಾಗಿತ್ತು.

ಅಂಗಳಕ್ಕೆ ಹಿಂತಿರುಗಿದಾಗ ವ್ಯಾನು ನಿಂತಿದ್ದ ಜಾಗದಲ್ಲಿ ನಿಂಬೆಹಣ್ಣು ಚಪ್ಪಟೆಯಾಗಿ ಬಿದ್ದಿತ್ತು. ಬಾಡಿಗೆ ಮನೆಗಳಿಗೆಲ್ಲ ಬೀಗ. ಒಳಗೆ ಹೋಗಿ ಗಂಟನ್ನು ನೆಲದ ಮೇಲಿಟ್ಟು ಕೂತೆ. ಅಳು ಬಂತು ಅಂತ ಬರೆಯಬಹುದು, ಆದರೆ ಬರಲಿಲ್ಲ. ಅಷ್ಟು ಜನರಲ್ಲಿ ಒಬ್ಬರಿಗೂ ನಾನಿಲ್ಲ ಅನ್ನುವುದು ಕಾಣಲಿಲ್ಲವಲ್ಲ ಎಂದು ಮಾತ್ರ ಅನಿಸುತ್ತಿತ್ತು. ಸಂಜೆ ಅವರು ಬಂದಾಗ ಯಾವ ಮುಖ ತೋರಿಸಲಿ? ಕದ ಹಾಕಿಕೊಂಡರೆ ಇನ್ನೆಂದೂ ತೆಗೆಯುವುದಿಲ್ಲ ಎಂದು ನನಗೇ ಗೊತ್ತಿತ್ತು. ಊರಿಗೆ ಹೋಗಿಬಿಡುತ್ತೇನೆ ಎಂದು ನಿರ್ಧರಿಸಿ, ಸೀರೆ ಎರಡನ್ನು ಮಡಚಿ ಬ್ಯಾಗಿಗೆ ತುಂಬಿದೆ.

ಬಾಗಿಲಲ್ಲಿ ಗೌರಮ್ಮನವರ ಯಜಮಾನರು ಕೆಮ್ಮಿದರು. ಮಂಡಿನೋವೆಂದು ಅವರು ಹೋಗಿರಲಿಲ್ಲ.

"ಏನಮ್ಮಾ, ನೀವು ಓಗ್ನಿಲ್ವಾ?"

ಗಂಡಸರ ಜೊತೆ ಮಾತಾಡಿ ರೂಢಿಯಿಲ್ಲ. ಕದದ ಮರೆಯಿಂದಲೇ, "ತಪ್ಪೋಯ್ತು" ಎಂದೆ.

ಮೊಬೈಲು ಆಗಿನ್ನೂ ಕೆಲವರ ಹತ್ತಿರ ಮಾತ್ರ ಇತ್ತು. ಅವರು ಡ್ರೈವರ್‌ಗೆ ಫೋನ್ ಮಾಡಿದರು. ಆ ಕಡೆಯಿಂದ ಗೌರಮ್ಮನ ದನಿ ನನಗೂ ಕೇಳಿಸಿತು. "ಅಯ್ಯೋ ಅವ್ರ ಮನೆ ಬೀಗ ಆಕಿತ್ತಲ್ಲ! ಚನ್ನಪಟ್ಣದಲ್ಲಿ ತಿಂಡಿಗೆ ನಿಲ್ಸಿದ್ದೀವಿ. ಅವ್ರನ್ನ ಬಸ್ ಅತ್ಸು. ಎಂಟೂವರೆಗಂಟ ಕಾಯ್ತೀವಿ."

"ಬಸ್ಸಲ್ಲಿ ಒಬ್ರೇ ಓಯ್ತೀರಾ?" ಎಂದು ಅವರು ಕೇಳಿದರು.

ಎಂದೂ ಹೋದವಳಲ್ಲ. ಒಲ್ಲೆ ಎನ್ನಲು ಹೊರಟೆ. ಅಷ್ಟರಲ್ಲಿ ಕಣ್ಣು ಗಂಟಿನ ಮೇಲೆ ಬಿತ್ತು. ದಾರಿಗೆಂದು ಕಟ್ಟಿದ ಬುತ್ತಿಯನ್ನು ಮನೆಯಲ್ಲೇ ಬಿಚ್ಚಬಾರದು, ಬಿಚ್ಚಿದರೆ ಹೊರಟವರಿಗೆ ಕೇಡು ಎಂದು ನಮ್ಮತ್ತೆ ಹೇಳುತ್ತಿದ್ದರು. ಹೊರಟವರು ಆಗಲೇ ಚನ್ನಪಟ್ಟಣದಲ್ಲಿದ್ದರು. ನಾನು ಗಂಟೆತ್ತಿಕೊಂಡೆ.

ಬಸ್ಸಿನಲ್ಲಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ರಾಮನಗರ ಬಂದಾಗ ಕಂಡಕ್ಟರನನ್ನು, "ಇದೇನಾ ಚನ್ನಪಟ್ಣ?" ಎಂದು ಕೇಳಿದೆ. "ಇಲ್ಲ ಕಣಮ್ಮ, ಕೂತ್ಕೊಳಿ, ಹೇಳ್ತೀನಿ" ಎಂದ. ಬಂಡೆಬೆಟ್ಟಗಳು ನಿಧಾನವಾಗಿ ಹಿಂದೆ ಹೋದವು. ಆ ಬಸ್ಸಿನಲ್ಲಿ ನಾನು ಯಾರೆಂದು ತಿಳಿದವರು ಒಬ್ಬರೂ ಇರಲಿಲ್ಲ. ಕುಂಕುಮವಿಲ್ಲದ ಹಣೆಯನ್ನು ಯಾರೂ ನೋಡಲಿಲ್ಲ. ಅದು ಹಗುರವೋ ಭಾರವೋ, ಚನ್ನಪಟ್ಟಣ ಬರುವವರೆಗೂ ನನಗೆ ತೀರ್ಮಾನಿಸಲಾಗಲಿಲ್ಲ.

ಗೊಂಬೆ ಅಂಗಡಿಗಳ ಮುಂದೆ ವ್ಯಾನು ನಿಂತಿತ್ತು. ಮುಬೀನಾ ಓಡಿ ಬಂದು ಗಂಟು ಇಸಿದುಕೊಂಡಳು. "ಎಲ್ಲೋಗಿದ್ರಿ ಅಮ್ಮಾ? ಬೀಗ ನೋಡಿ, ಮನಸ್ಸು ಬದಲಾಯಿಸ್ಬಿಟ್ರು ಅಂದ್ಕೊಂಡ್ವಿ."

ಹೇಳದೆ ಗತಿಯಿರಲಿಲ್ಲ. ಎದುರಿಗೆ ಬರಬಾರದೆಂದು ತಿರುವಿನಲ್ಲಿ ನಿಂತಿದ್ದೆ ಎಂದೆ. ಡ್ರೈವರ್, "ಎದುರಿಗೆ ಲಾರಿ ಬರ್ದೆ ಇದ್ರೆ ಸಾಕು ಕಣಮ್ಮೋ, ನೀವು ಬಂದ್ರೆ ಏನಾಯ್ತದೆ" ಎಂದ. ಎಲ್ಲರೂ ನಕ್ಕರು.

"ನಮ್ಮತ್ತೆ ಇರೋಗಂಟ ನಮ್ಮನೇಲೂ ಇತ್ತು" ಎಂದರು ಗೌರಮ್ಮ. "ಜಮೀನು ಓಯ್ತು, ಎತ್ತು ಓಯ್ತು, ಅದೂ ಅದ್ರ ಜೊತೇಲೇ ಓಯ್ತು. ವ್ಯಾನ್ ಅತ್ತಿ, ಒತ್ತಾಯ್ತು."

ಮುಬೀನಾ ನನ್ನ ಪಕ್ಕ ಕೂತಳು. ವ್ಯಾನು ಮದ್ದೂರು ದಾಟಿದ ಮೇಲೆ ಮೆಲ್ಲಗೆ ಹೇಳಿದಳು: "ನಮ್ಮಲ್ಲೂ ಗಂಡ ತೀರ್ಕೊಂಡ್ರೆ ಹೆಂಗಸ್ರು ಒಳಗೇ ಇರ್ತಾರೆ ಅಮ್ಮಾ. ಇದ್ದತ್ ಅಂತೀವಿ. ನಾಲ್ಕು ತಿಂಗಳು ಹತ್ತು ದಿನ. ಅದು ಮುಗಿದ್ಮೇಲೆ ಮಾಮೂಲಿ. ನಿಮ್ದು ಎಷ್ಟಾಯ್ತು?"

"ಹನ್ನೊಂದು ವರ್ಷ."

"ಇನ್ನೂ ಎಷ್ಟೈತೆ?"

ತಮಾಷೆಗೆ ಕೇಳಿದ್ದಲ್ಲ. ಅವಳ ಮುಖ ನೋಡಿದೆ, ನಿಜವಾಗಿಯೂ ತಿಳಿಯಲೆಂದು ಕೇಳಿದ್ದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಶ್ರೀರಂಗಪಟ್ಟಣದಲ್ಲಿ ನದಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆ. ಹೋಟೆಲಿನ ಮಾತು ಮರೆತು ಎಲ್ಲರೂ ಎಲೆಗೆ ಕೈ ಹಾಕಿದರು. ಬಿಹಾರದ ಹೆಣ್ಣುಮಗಳು ಖಾರಕ್ಕೆ ಸುಸ್ಸೆನ್ನುತ್ತಾ ಮೂರು ಸಲ ಹಾಕಿಸಿಕೊಂಡಳು. ಅವರು ತಿನ್ನುವುದನ್ನು ನೋಡುತ್ತಾ ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೂ ಅವರ ನಗು ಎಲ್ಲೋ ಚುಚ್ಚುತ್ತಿತ್ತು. ಹನ್ನೊಂದು ವರ್ಷ ನಾನು ಪಾಲಿಸಿಕೊಂಡು ಬಂದದ್ದು ಒಂದು ಟೀ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿದುಹೋಗಿತ್ತು. ಊರಿನಲ್ಲಿ ಹೊಂಗೆಮರದ ಕೆಳಗೆ ನಿಂತಾಗ ನೋವಾಗುತ್ತಿತ್ತು, ನಿಜ. ಆದರೆ ಅಲ್ಲಿ ನಿಲ್ಲುತ್ತಿದ್ದ ಗಾಡಿ, ನಾನು ಯಾರ ಹೆಂಡತಿ ಎನ್ನುವುದನ್ನು ನೆನಪಿಟ್ಟುಕೊಂಡೇ ನಿಲ್ಲುತ್ತಿತ್ತು. ಇಲ್ಲಿ ನನ್ನನ್ನು ಹಿಂದೆ ಹೋಗೆನ್ನುವವರು ಯಾರೂ ಇಲ್ಲ. ನಿಮ್ಮ ತಾತನ ಹೆಸರು ಕೇಳುವವರೂ ಇಲ್ಲ.

ಅದಾದ ಮೇಲೆ ಆ ಅಂಗಳದಿಂದ ಎಷ್ಟೋ ವ್ಯಾನು ಹೊರಟಿವೆ. ಈಗ ನಾನೂ ಎದುರಿಗೆ ನಿಲ್ಲುತ್ತೇನೆ. ಗೌರಮ್ಮ ನನ್ನ ಕೈಗೇ ನಿಂಬೆಹಣ್ಣು ಕೊಡುತ್ತಾರೆ, ಚಕ್ರದ ಕೆಳಗೆ ಇಡುತ್ತೇನೆ. ವರ್ಷಕ್ಕೆ ಎರಡು ಸಲ ಊರಿಗೆ ಹೋದಾಗ ಮಾತ್ರ, ಗಾಡಿ ಹೊರಡುವ ಸದ್ದಾದರೆ ಯಾರೂ ಹೇಳುವ ಮೊದಲೇ ಎದ್ದು ಹಿತ್ತಿಲಿಗೆ ಹೋಗುತ್ತೇನೆ. ನಾನು ಇಲ್ಲಿ ಮಾಡುವುದು ಅಲ್ಲಿಯವರಿಗೆ ಗೊತ್ತಿಲ್ಲ. ಅಲ್ಲಿ ಮಾಡುವುದನ್ನು ಮುಬೀನಾಗೆ ಹೇಳಿಲ್ಲ. ಹೇಳಿದರೆ ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ.

ಹೋದ ಸಲ ನಿಮ್ಮ ಅಮ್ಮ ನನ್ನ ಹಿಂದೆಯೇ ಹಿತ್ತಿಲಿಗೆ ಬಂದಳು. ಸಿಟ್ಟಾಗಿದ್ದಳು. "ಅಲ್ಲಿ ಎದುರಿಗೆ ನಿಂತ್ಕೋತೀಯ, ಇಲ್ಲಿ ಯಾಕವ್ವ ಇಂಗೆ?" ಎಂದಳು.

"ಇಲ್ಲಿ ನಿಮ್ಮಪ್ಪ ಅವ್ರೆ ಕಣೆ" ಎಂದೆ.

ಅವಳು ಬದುವಿನ ಮೇಲೆ ನನ್ನ ಜೊತೆ ನಡೆದು ಬಂದಳು.